ಗುಡಿಯೊಳಗೆ ಬೂಟು ಬಿಚ್ಚಿದ ಹೊನ್ನಮ್ಮ

ಹೊನ್ನಮ್ಮನವರ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಇದು ವಿನಯದ ಮಾತಲ್ಲ, ಓದಿ ಮುಗಿಸಿದ ಮೇಲೆ ನೀವೂ ಒಪ್ಪುತ್ತೀರಿ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರ ವಿಷಯದಲ್ಲಿ ಈಗಾಗಲೇ ಒಂದು ಸಲ ಬರೆದಿದ್ದೇನೆ, ಆಗ ಬರೆದದ್ದು ಸುಳ್ಳು.

ಮಲೇಷ್ಯಾದ ಪುಚೊಂಗ್‌ನ ನಮ್ಮ ಕಾಂಡೋದಲ್ಲಿ ನಾವಿರುವುದು ಒಂಬತ್ತನೇ ಮಹಡಿ, ಅವರು ಮೂರನೆಯದು. ನಾವು ಮೈಸೂರಿನಿಂದ ಬಂದು ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಹೊತ್ತಾಗಿ, ಲಿಫ್ಟಿನಲ್ಲಿ ನನ್ನ ಮಗಳು ಧೃತಿಗೆ ಅರ್ಚನೆ ನಡೆಸುತ್ತಿದ್ದೆ. "ಹಲ್ಲುಜ್ಜೋಕೂ ನಿಂಗೆ ಮುಹೂರ್ತ ಇಡಿಸ್ಬೇಕೇನೇ?" ಅಂದೆ. ಅವಳು ಎಂದಿನಂತೆ "ಐಯಾಮ್ ಆಲ್ರೆಡಿ ರೆಡಿ, ಅಮ್ಮಾ" ಎಂದು ಇಂಗ್ಲಿಷಿನಲ್ಲಿ ಗೊಣಗಿದಳು. ಮೂರನೇ ಮಹಡಿಯಲ್ಲಿ ಹತ್ತಿದ್ದ ಸಮವಸ್ತ್ರದ ಹೆಂಗಸು ನಕ್ಕುಬಿಟ್ಟರು.

"ಮಗೀನ ಯಾಕವ್ವ ಹಿಂಗ್ ಬಯ್ದೀಯೆ? ಹಲ್ಲು ಎಲ್ಲೂ ಓಡೋಗಕಿಲ್ಲ ಬುಡು."

ಥಟ್ಟನೆ ತಿರುಗಿ ನೋಡಿದೆ. ಅಪ್ಪಟ ಕೊಳ್ಳೇಗಾಲದ ಕನ್ನಡ, ಮಲೇಷ್ಯಾದ ಪೊಲೀಸ್ ಟೋಪಿಯ ಕೆಳಗಿನಿಂದ! ಅವರ ತಾತ ಕೊಳ್ಳೇಗಾಲದ ಕಡೆಯವರು, ರಬ್ಬರ್ ಎಸ್ಟೇಟಿಗೆ ಕೂಲಿಗೆ ಬಂದವರು. ಎಸ್ಟೇಟಿನಲ್ಲಿ ಎಲ್ಲರೂ ತಮಿಳರು, ಒಂದು ಸಾಲು ಮನೆ ಮಾತ್ರ ಕನ್ನಡದವರದು. ಅಪ್ಪ ಶಿವಪ್ಪ ಅಲ್ಲೇ ರಬ್ಬರ್ ಮರ ಕೆತ್ತಿ ಹಾಲು ಇಳಿಸುತ್ತಿದ್ದರು. ಹೊನ್ನಮ್ಮನಿಗೆ ಹದಿನಾಲ್ಕಾದಾಗ ಎಸ್ಟೇಟನ್ನು ಮಾರಿದರು, ಮರಗಳು ಹೋಗಿ ಮನೆಗಳೆದ್ದವು, ಇವರು ಅಗ್ಗದ ಫ್ಲ್ಯಾಟಿಗೆ ಬಂದರು. ಒಂದಷ್ಟು ವರ್ಷ ರಬ್ಬರ್ ಗ್ಲೌಸ್ ಫ್ಯಾಕ್ಟರಿ. ಮದುವೆ, ಒಂದು ಮಗಳು, ಲಾರಿ ಓಡಿಸುತ್ತಿದ್ದ ಗಂಡನ ಸಾವು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಸಹಾಯಕ ಪೊಲೀಸ್ ಸೇರಿದರು. ಈ ಪೊಲೀಸರಿಗೆ ಸಂಬಳ ಕೊಡುವುದು ಕಂಪನಿ, ಅಧಿಕಾರ ಕೊಡುವುದು ಸರ್ಕಾರ. ರೈಲು ಸ್ಟೇಷನ್ನು, ಬ್ಯಾಂಕು, ಜಾತ್ರೆ, ಎಲ್ಲಿ ಜನವೋ ಅಲ್ಲಿ ನಿಲ್ಲಬೇಕು.

ಮಗಳು ಮದುವೆಯಾಗಿ ಇಪೊ ಊರಿಗೆ ಹೋಗಿದ್ದಳು. ಇವರು ಒಬ್ಬರೇ. ನಾನು ಅಕ್ಕ ಅನ್ನುತ್ತಿದ್ದೆ. ನನಗೆ ಜ್ವರ ಬಂದರೆ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸಲ್, ಮಾಡಿಸಿ ಇಡೀ ಮನೆಗೆ ಊಟ ತಂದಿಡುತ್ತಿದ್ದರು. ಧೃತಿ ಇಂಗ್ಲಿಷಿನಲ್ಲಿ ಕೇಳಿದರೆ ಅವರು ಕನ್ನಡದಲ್ಲಿ ಹೇಳುತ್ತಿದ್ದರು, ಇಬ್ಬರಿಗೂ ಅದರಿಂದ ಏನೂ ತೊಂದರೆ ಇರಲಿಲ್ಲ. ಹನ್ನೊಂದು ವರ್ಷದಿಂದ ಕಾರ್ಪೊರಲ್ ಆಗಿಯೇ ಇದ್ದರು. ನಿವೃತ್ತಿಯ ಮೊದಲು ಸಾರ್ಜೆಂಟ್ ಆಗಬೇಕು, ತೋಳಿನ ಮೇಲೆ ಇನ್ನೊಂದು ಪಟ್ಟಿ ಬರಬೇಕು, ಅದೊಂದೇ ಆಸೆ. "ನನ್ ಫೈಲ್ನಾಗೆ ಒಂದ್ ಮೆಮೋ ಇಲ್ಲ ಕನವ್ವ, ಇಪ್ಪತ್ತೆಂಟ್ ವರ್ಸ," ಎಂದು ಯಾರೇ ಕೇಳಲಿ, ಕೇಳದಿರಲಿ, ಹೇಳುತ್ತಿದ್ದರು.

ಇನ್ನು ನನ್ನ ವಿಷಯ. ಬಾಂಗ್ಸಾರ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಬಿಸಿನೆಸ್ ಅನಲಿಸ್ಟ್. ಕೋಡ್ ಬರೆಯುವುದಿಲ್ಲ, ಕೋಡ್ ಏನು ಮಾಡಬೇಕೆಂದು ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಮಗೊಂದು ಸರ್ಕಾರಿ ಕೆಲಸ ಸಿಕ್ಕಿತು. ಹಬ್ಬ, ಮೆರವಣಿಗೆಗಳಿಗೆ ಹೆಚ್ಚುವರಿ ಪೊಲೀಸರನ್ನು ನಿಲ್ಲಿಸಿದರೆ ಅವರ ಓವರ್‌ಟೈಮ್ ಖರ್ಚನ್ನು ಸರ್ಕಾರ ಒಳನಾಡಿನ ಭದ್ರತೆಯ ಅನುದಾನದಿಂದ ಕೊಡುವ ಯೋಜನೆ. ಮನೆಯಲ್ಲಿ ಮಲಗಿದವರ ಹೆಸರಿಗೂ ಓವರ್‌ಟೈಮ್ ಬರೆಯಬಾರದಲ್ಲ, ಅದಕ್ಕೆ ಪುರಾವೆ ಬೇಕು. ಡ್ಯೂಟಿಯಲ್ಲಿರುವವರು ಗಂಟೆಗೊಂದು ಫೋಟೋ ತೆಗೆಸಿ ಫೋನಿನಿಂದ ಕಳಿಸಬೇಕು, ತಲೆಯಿಂದ ಕಾಲಿನವರೆಗೆ. ಟೋಪಿ, ಬ್ಯಾಡ್ಜು, ಬೆಲ್ಟು, ಬೂಟು ನಾಲ್ಕೂ ಕಂಪ್ಯೂಟರಿಗೆ ಕಂಡರೆ ಆ ಗಂಟೆ ಲೆಕ್ಕಕ್ಕೆ ಬರುತ್ತದೆ. ಒಂದು ಕಾಣದಿದ್ದರೂ ಬರುವುದಿಲ್ಲ. ಸತತ ಮೂರು ಗಂಟೆ ಹಾಗಾದರೆ ಆ ಹೆಸರು ಕೆಂಪು ಪಟ್ಟಿಗೆ: 'ಡ್ಯೂಟಿಯಲ್ಲಿ ಇಲ್ಲದೆ ಓವರ್‌ಟೈಮ್ ಕೇಳಿದವರು'. ಈ ನಿಯಮಗಳನ್ನು ಕೂತು ಬರೆದವಳು ನಾನು. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕೊನೆಯ ಮೀಟಿಂಗಿನಲ್ಲಿ ಇಲಾಖೆಯ ಅಧಿಕಾರಿ ರೊಸ್ಲಾನ್ ಬಂದಿದ್ದರು. ಗಡಿಬಿಡಿಯಿಲ್ಲದ, ನಗುಮುಖದ ಮನುಷ್ಯ. ನಿಯಮಗಳನ್ನು ಒಂದೊಂದಾಗಿ ಓದಿ, ಬೂಟಿನ ಹತ್ತಿರ ನಿಂತರು. ಮಸೀದಿಯೊಳಗೆ ಡ್ಯೂಟಿ ಇದ್ದಾಗ ಬೂಟು ಇರುವುದಿಲ್ಲವಲ್ಲ, ಆಗೇನು, ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮಸೀದಿಗೆ ವಿನಾಯಿತಿ ಎಂದು ಬರೆದುಕೊಂಡೆ. ಅವರು ಮೇಜಿನ ಸುತ್ತ ಕಣ್ಣಾಡಿಸಿ, "ಎನಿಥಿಂಗ್ ಎಲ್ಸ್?" ಅಂದರು.

ಆ ಮೇಜಿನ ಸುತ್ತ ಎಂಟು ಜನರಿದ್ದರು. ಗುಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವವಳು ನಾನೊಬ್ಬಳೇ. ನನಗೆ ಹೊಳೆಯಲಿಲ್ಲ ಅಂತಲ್ಲ. ಚೆನ್ನಾಗಿ ಹೊಳೆಯಿತು, ಮಾತು ನಾಲಿಗೆಯ ತುದಿಗೂ ಬಂತು. ಆದರೆ ಈ ದೇಶದಲ್ಲಿರಲು ಬೇಕಾದ ನಮ್ಮ ಕೆಲಸದ ಪಾಸು ಏಪ್ರಿಲಿನಲ್ಲಿ ನವೀಕರಣವಾಗಬೇಕಿತ್ತು. ಹೊರದೇಶದಿಂದ ಬಂದವಳು ಸರ್ಕಾರಿ ಮೀಟಿಂಗಿನಲ್ಲಿ ತನ್ನ ದೇವರನ್ನು ಎಳೆದು ತಂದಳು ಅನ್ನಿಸಿಕೊಳ್ಳುವುದು ಯಾಕೆ, ಇಲ್ಲದ ಉಸಾಬರಿ ಯಾಕೆ ಅಂದುಕೊಂಡೆ. ಹಾಗೆ ಅನ್ನುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಅನ್ನಿಸಿಕೊಳ್ಳುವ ಭಯ ಪೂರ್ತಿ ನನ್ನದೇ. "ನೋ, ದಟ್ಸ್ ಆಲ್," ಅಂದೆ. ಫೈಲು ಮುಚ್ಚಿದರು. ಎಲ್ಲರೂ ಊಟಕ್ಕೆ, ಇಲ್ಲಿನ ಮಾತಿನಲ್ಲಿ ಮಕಾನ್‌ಗೆ ಎದ್ದರು, ನಾನೂ ಹೋಗಿ ಚೆನ್ನಾಗಿಯೇ ತಿಂದೆ.

ಮುರುಗನ್ ಹಬ್ಬವಾದ ತೈಪೂಸದ ದಿನ ನಾನು, ನನ್ನ ಗಂಡ, ಧೃತಿ ಮೂವರೂ ಬೆಟ್ಟದ ಮುರುಗನ್ ಗುಡಿಗೆ ಹೋದೆವು. ಬೆಳಿಗ್ಗೆ ಏಳಕ್ಕೇ ಜನವೋ ಜನ, ಹಾಲಿನ ಕೊಡ ಹೊತ್ತವರ ಸಾಲು ಬೀದಿಯವರೆಗೆ ಬಂದಿತ್ತು. ಗರ್ಭಗುಡಿಯ ಹತ್ತಿರ ಹೆಂಗಸರ ಸಾಲನ್ನು ನೋಡಿಕೊಳ್ಳುತ್ತಿದ್ದವರು ಹೊನ್ನಮ್ಮ. ಟೋಪಿ ಇತ್ತು, ಬೆಲ್ಟು ಇತ್ತು, ಕೊರಳಲ್ಲಿ ಸೀಟಿ ಇತ್ತು. ಪ್ಯಾಂಟನ್ನು ಎರಡು ಮಡಿಕೆ ಮೇಲೆ ಮಡಚಿ, ಚೆಲ್ಲಿದ ಹಾಲು ಅರಿಸಿನದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಒಬ್ಬ ಮುದುಕಿಯ ತಲೆಯಿಂದ ಕೊಡ ಜಾರುವುದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನೂಕುವವರನ್ನು ತಡೆಯುತ್ತಿದ್ದರು.

"ಆಂಟಿ, ವೇರ್ ಆರ್ ಯುವರ್ ಶೂಸ್?" ಅಂದಳು ಧೃತಿ.

"ಸಾಮಿ ಮುಂದೆ ಬೂಟಾ? ಕಾಲ್ ಸೀದೋದಾವು ಕನವ್ವ!" ಎಂದು ನಕ್ಕು, ಜೊತೆಗೆ ಡ್ಯೂಟಿಯಲ್ಲಿದ್ದವಳ ಕೈಗೆ ಫೋನು ಕೊಟ್ಟರು. "ಗಂಟೆ ಆಯ್ತು, ಒಂದ್ ಪೋಟೋ ಹೊಡಿ ಲಾ."

ಅವರು ನೆಟ್ಟಗೆ ನಿಂತರು. ತಲೆಯಿಂದ ಕಾಲಿನವರೆಗೆ ಫೋಟೋ ಬಿತ್ತು. ಆ ಫೋಟೋ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂದು ಆ ಗುಡಿಯಲ್ಲಿದ್ದ ಸಾವಿರಾರು ಜನರಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಆಚೆ ಬಂದು ರೊಸ್ಲಾನ್ ಅವರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಹಬ್ಬದ ರಜೆ, ತೊಂದರೆ ಕೊಡುವುದು ಬೇಡ, ಸೋಮವಾರ ನೋಡೋಣ ಅಂದುಕೊಂಡೆ. ಸೋಮವಾರ ಬೇರೆ ಏನೋ ತಲೆಬಿಸಿ ಬಂತು. ಆಮೇಲೆ, ಇಷ್ಟು ಎದ್ದು ಕಾಣುವ ತಪ್ಪನ್ನು ಇಲಾಖೆಯವರೇ ಹಿಡಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹೊನ್ನಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅಷ್ಟು ಗಟ್ಟಿ ಹೆಂಗಸು ಸೋಫಾದ ತುದಿಯಲ್ಲಿ ಕೂತ ರೀತಿ ನೋಡಿಯೇ ನನಗೆ ಎಲ್ಲ ಗೊತ್ತಾಯಿತು. ಕಾರಣ ಕೇಳಿ ಅವರ ಕಂಪನಿಯಿಂದ ನೋಟಿಸ್ ಬಂದಿತ್ತು. ಹಬ್ಬದ ಮೂರು ದಿನದಲ್ಲಿ ಇಪ್ಪತ್ತೆರಡು ಗಂಟೆ ಡ್ಯೂಟಿಯಲ್ಲಿ ಇಲ್ಲದೆ ಓವರ್‌ಟೈಮ್ ಕೇಳಿದ್ದಾರೆ, ಹತ್ತು ದಿನದಲ್ಲಿ ಉತ್ತರ ಕೊಡಬೇಕು. ಅವರ ಜೊತೆ ಗುಡಿಯಲ್ಲಿ ನಿಂತಿದ್ದ ಇನ್ನೂ ಹದಿಮೂರು ಜನಕ್ಕೆ ಇದೇ ನೋಟಿಸ್ ಹೋಗಿತ್ತು.

"ಕಳ್ಳಿ ಅಂತ ಬರ್ದವ್ರೆ ಕನವ್ವ ನನ್ನ," ಅಂದರು. "ದುಡ್ ಹಾಳಾಗೋಗ್ಲಿ. ಜೂನ್ನಾಗೆ ಪ್ರಮೋಸನ್ ಪಟ್ಟಿ. ಇದೊಂದ್ ಕಾಗ್ದ ಫೈಲ್ನಾಗೆ ಕೂತ್ರೆ ಮುಗೀತು. ನೀನು ಕಂಪ್ಯೂಟರ್ನೋಳು, ಇಂಗ್ಲೀಸ್ ಬಲ್ಲೆ. ಒಂದ್ ಉತ್ತರ ಬರ್ಕೊಡು."

"ಏನಂತ ಬರೀಲಿ ಅಕ್ಕ?"

"ಇನ್ನೇನ್ ಬರಿಯದು? ಗುಡಿ ಒಳಗ್ ನಿಂತಿದ್ದೆ, ಸಾಮಿ ಮುಂದೆ ಯಾರಾದ್ರೂ ಬೂಟ್ ಹಾಕ್ಕಂಡ್ ನಿಲ್ತಾರಾ ಅಂತ ಬರಿ. ಬೇಕಾದ್ರೆ ಬಂದ್ ನೋಡಿ ಅಂತ ಬರಿ."

ಬೇಕಾಗಿದ್ದದ್ದು ಅಷ್ಟೇ. ಅವರು ಹೇಳಿದ್ದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದ್ದರೆ ಸಾಕಿತ್ತು. ಆದರೆ ನನ್ನ ತಲೆ ಬೇರೆ ಕಡೆ ಓಡಿತು. ಹೀಗೆ ಬರೆದರೆ ವಿಚಾರಣೆ ಆಗುತ್ತದೆ. ಬೂಟಿನ ನಿಯಮ ಯಾರದು ಎಂದು ಕೇಳುತ್ತಾರೆ. ಮೀಟಿಂಗಿನ ಟಿಪ್ಪಣಿ ತೆಗೆಯುತ್ತಾರೆ, ಅದರ ಕೆಳಗೆ ನನ್ನ ಹೆಸರಿದೆ. ಪಾಸಿನ ಅರ್ಜಿ ಇನ್ನೂ ನಮ್ಮ ಕಂಪನಿಯ ಮೇಜಿನ ಮೇಲೇ ಇತ್ತು.

"ವಾದ ಮಾಡ್ಬೇಡಿ ಅಕ್ಕ," ಅಂದೆ. ನನ್ನ ದನಿ ಎಷ್ಟು ಮೃದುವಾಗಿತ್ತೆಂದರೆ ಈಗ ನೆನೆದರೆ ಅಸಹ್ಯವಾಗುತ್ತದೆ. "ದೊಡ್ಡೋರ ಹತ್ರ ವಾದ ಮಾಡಿದ್ರೆ ಇಶ್ಯೂ ಬೆಳೆಯುತ್ತೆ. ಸಾರಿ ಅಂತ ಬರೆದ್ರೆ ಅಲ್ಲಿಗೇ ಕ್ಲೋಸ್ ಮಾಡ್ತಾರೆ."

ಅವರು ನೋಟಿಸನ್ನು ಮಡಚಿ ಫೈಲಿಗೆ ಸೇರಿಸಿದರು. "ಹಂಗಂತೀಯಾ? ಸರಿ. ಓದ್ದೋಳು, ನಿಂಗ್ ಗೊತ್ತಿರ್ತದೆ."

ಲ್ಯಾಪ್‌ಟಾಪ್ ತೆಗೆದು ಅವರ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ನಿಗದಿಪಡಿಸಿದ ಸಮವಸ್ತ್ರದಲ್ಲಿ ನಾನು ಇರಲಿಲ್ಲ. ಸೂಚನೆ ತಿಳಿದಿದ್ದೂ ಪಾಲಿಸಲಿಲ್ಲ. ಇದು ಸಂಪೂರ್ಣವಾಗಿ ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ, ಕ್ಷಮೆ ಕೇಳುತ್ತೇನೆ. ಗುಡಿ ಎಂಬ ಪದವನ್ನು ಎಲ್ಲೂ ಬರೆಯಲಿಲ್ಲ. ಏನು ಬರೆದೆ ಎಂದು ಅವರು ಕೇಳಿದಾಗ, "ಬೂಟ್ ಹಾಕಿರ್ಲಿಲ್ಲ, ಕ್ಷಮಿಸಿ ಅಂತ ಬರೆದಿದೀನಿ ಅಕ್ಕ," ಎಂದಷ್ಟೇ ಹೇಳಿದೆ. ಕನ್ನಡಕ ಹಾಕಿಕೊಂಡು, ಪ್ರಿಂಟ್ ತೆಗೆದ ಕಾಗದವನ್ನು ಟೀಪಾಯಿಯ ಮೇಲೆ ಸರಿಯಾಗಿ ಇಟ್ಟುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದರು. ಹೋಗುವಾಗ ಬಾಗಿಲಲ್ಲಿ ನನ್ನ ಕೆನ್ನೆ ಮುಟ್ಟಿ ಹೋದರು.

ಕ್ಷಮಾಪಣೆಯ ಕಾಗದ ಸಿಕ್ಕ ಕೂಡಲೇ ಅವರ ಕಂಪನಿ ಎಚ್ಚರಿಕೆ ಪತ್ರ ಕೊಟ್ಟು ಅವರ ಕಡತ ಮುಚ್ಚಿತು. ಏಪ್ರಿಲಿನಲ್ಲಿ ನಮ್ಮ ಪಾಸು ನವೀಕರಣವಾಯಿತು. ಜೂನಿನಲ್ಲಿ ಸಾರ್ಜೆಂಟ್ ಪಟ್ಟಿ ಬಂತು, ಹೊನ್ನಮ್ಮನವರ ಹೆಸರಿರಲಿಲ್ಲ. ಅವರಿಗಿಂತ ಒಂಬತ್ತು ವರ್ಷ ಕಿರಿಯಳೊಬ್ಬಳು ಸಾರ್ಜೆಂಟ್ ಆದಳು. ಅದೇ ವಾರ ಅವರು ಬಾಳೆ ಎಲೆಯಲ್ಲಿ ಕಟ್ಟಿದ ಪುಟ್ಟು ಮಾಯಂ, ಅಂದರೆ ನಮ್ಮ ಒತ್ತು ಶಾವಿಗೆ, ಬೆಲ್ಲ ಕಾಯಿತುರಿಯ ಜೊತೆ ಹಿಡಿದು ಮೇಲೆ ಬಂದರು.

"ಪಟ್ಟಿ ಹೋದ್ರೋಯ್ತು ಬುಡು, ಕೆಲ್ಸ ಉಳೀತಲ್ಲ," ಅಂದರು. "ವಾದ ಮಾಡ್ದೋರಿಗೆಲ್ಲ ಇನ್ನೂ ಎನ್ಕ್ವೈರಿ ನಡೀತಾ ಅದೆ. ನೀನ್ ಬರ್ಕೊಟ್ಟಿದ್ಕೆ ನಾನ್ ಉಳ್ಕಂಡೆ. ತಿನ್ನು, ಬಿಸಿ ಅದೆ."

ನಾನು ಎಲೆ ಬಿಚ್ಚಿ ಹಾಗೇ ಪಕ್ಕಕ್ಕಿಟ್ಟೆ. ನನ್ನ ಗಂಡ ಅನಿಲ ಮಾತ್ರ ಎರಡನೇ ಸಲ ಬಡಿಸಿಕೊಂಡು, "ಎಷ್ಟು ಒಳ್ಳೆ ಹೆಂಗಸಲ್ವಾ?" ಅಂದ. ಆಗ ಅಡುಗೆಮನೆಯಲ್ಲಿ ನಿಂತೇ ಅವನಿಗೆ ಎಲ್ಲ ಹೇಳಿದೆ. ಅವನು ತಟ್ಟೆ ಕೆಳಗಿಟ್ಟ.

"ಪಾಸ್ ಏಪ್ರಿಲ್‌ನಲ್ಲೇ ಬಂತಲ್ಲ ಮಯೂರಿ," ಅಂದ. "ಎರಡು ತಿಂಗಳಿಂದ ಯಾವ ಭಯಕ್ಕೆ ಸುಮ್ನಿದೀಯ?"

ಭಯ ಹೋಗಿ ಎರಡು ತಿಂಗಳಾಗಿತ್ತು. ಆಮೇಲೆ ಉಳಿದದ್ದು ನಾಚಿಕೆ, ಅದನ್ನು ಯಾರಿಗೂ ತೋರಿಸಬಾರದೆಂಬ ಹಟ. ಹಾಗೆ ಮುಚ್ಚಿಟ್ಟುಕೊಳ್ಳಲು ಆ ಹೆಂಗಸಿನ ಇಪ್ಪತ್ತೆಂಟು ವರ್ಷವನ್ನು ಬಳಸಿಕೊಂಡಿದ್ದೆ.

ಮರುದಿನ ಆಫೀಸಿನ ಮೆಟ್ಟಿಲ ಮೇಲೆ ನಿಂತು ರೊಸ್ಲಾನ್ ಅವರಿಗೆ ಫೋನು ಮಾಡಿದೆ. ಗುಡಿಯೊಳಗೂ ಬೂಟು ಬಿಡಬೇಕು, ಅವತ್ತೇ ನನಗೆ ಗೊತ್ತಿತ್ತು, ಹೇಳಲಿಲ್ಲ, ಅಂದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅಲಾಮಾ, ಮಯೂರಿ!" ಎಂದು ಉದ್ಗಾರ ತೆಗೆದರು. ಅವತ್ತೇ ಹೇಳಿದ್ದರೆ ಅಲ್ಲೇ ಒಂದು ಸಾಲು ಸೇರಿಸುತ್ತಿದ್ದೆನಲ್ಲ, ನನ್ನ ಹಳೆಯ ಡ್ರೈವರ್ ಕೂಡ ಗುಡಿಗೆ ಹೋಗುವಾಗ ಕಾರಿನಲ್ಲೇ ಬೂಟು ಬಿಡುತ್ತಿದ್ದ, ನನಗೇ ಹೊಳೆಯಬೇಕಿತ್ತು, ಎಂದು ತಪ್ಪಿನಲ್ಲಿ ತಮ್ಮ ಪಾಲನ್ನೂ ತೆಗೆದುಕೊಂಡರು. ಇಷ್ಟು ಸುಲಭವಾಗಿ ಕೇಳಿಸಿಕೊಳ್ಳುವ ಮನುಷ್ಯನಿಗೆ ಹೇಳಲು ನಾನು ಹೆದರಿದ್ದೆ.

ವಾರದಲ್ಲಿ ನಿಯಮ ಬದಲಾಯಿತು. ಅದರ ಹಿಂದೆಯೇ ರೊಸ್ಲಾನ್ ಅವರ ಇಮೇಲ್ ಬಂತು. ಕೆಂಪು ಪಟ್ಟಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಹದಿಮೂರು ಜನ ದೋಷಮುಕ್ತರು. ಅವರೆಲ್ಲ ತಮಗೆ ಬಂದ ಭಾಷೆಯಲ್ಲಿ, ಒಂದೋ ಎರಡೋ ಸಾಲಿನಲ್ಲಿ, ಗುಡಿಯೊಳಗೆ ಇದ್ದೆವು ಎಂದಷ್ಟೇ ಬರೆದುಕೊಟ್ಟಿದ್ದರು. ಅವರ ಕಡತಗಳು ಇನ್ನೂ ವಿಚಾರಣೆಯಲ್ಲೇ ಇದ್ದದ್ದರಿಂದ ಸರಿಪಡಿಸುವುದು ಸುಲಭವಾಯಿತು. ಹದಿನಾಲ್ಕನೆಯವರದು ಮಾತ್ರ ಆಗುವುದಿಲ್ಲವೆಂದು ಅವರ ಕಂಪನಿ ಹೇಳಿತ್ತು. ಕಾರಣ ಇಮೇಲಿನಲ್ಲೇ ಇತ್ತು: ಸೂಚನೆ ತಿಳಿದಿದ್ದೂ ಪಾಲಿಸಲಿಲ್ಲವೆಂದು ಆಕೆಯೇ ಬರೆದು ಸಹಿ ಮಾಡಿದ್ದಾರೆ, ಗುಡಿಯಲ್ಲಿದ್ದೆ ಎಂದು ಎಲ್ಲೂ ಹೇಳಿಲ್ಲ. ನಾನು ಹೊಸೆದ ವಾಕ್ಯವನ್ನು ಅಕ್ಷರ ಬಿಡದೆ ಎತ್ತಿ ಹಾಕಿದ್ದರು.

ಶನಿವಾರ ಬೆಳಿಗ್ಗೆ ಮೂರನೇ ಮಹಡಿಗೆ ಹೋದೆ. ಹೊನ್ನಮ್ಮ ಬಾಗಿಲ ಮುಂದೆ ಹಳೆಯ ಪೇಪರ್ ಹಾಸಿಕೊಂಡು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತೆ. ಮೀಟಿಂಗಿನಿಂದ ಹಿಡಿದು ಇಮೇಲಿನವರೆಗೆ ಹೇಳಿದೆ, ಏನನ್ನೂ ಬಿಡಲಿಲ್ಲ. ಮೊದಲು ಬ್ರಶ್ಶು ಆಡುತ್ತಲೇ ಇತ್ತು, ಆಮೇಲೆ ನಿಂತಿತು.

"ನಂಗ್ ಲೆಟ್ರು ಬರಿಯೋವಾಗ ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಗುಡೀಲಿ ನನ್ ಕಾಲ್ ನೋಡ್ದಾಗ?"

"ಆಗ್ಲೂ ಗೊತ್ತಿತ್ತು."

"ಶಾವ್ಗೆ ತಂದ್ಕೊಟ್ನಲ್ಲ, ಆವಾಗ?"

ಆಗಲೂ ಗೊತ್ತಿತ್ತೆಂದು ತಲೆಯಾಡಿಸಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ನನಗಂತೂ ಬೈಸಿಕೊಳ್ಳುವ ಆಸೆ ಎಷ್ಟಿತ್ತೆಂದರೆ, ಬಾಯಿಬಿಟ್ಟು ಕೇಳುವುದೊಂದು ಬಾಕಿ. ಅವರು ಎದ್ದು ಒಳಗೆ ಹೋಗಿ ಕೈ ತೊಳೆದು, ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟರು.

"ಬರಿ. ನಾನ್ ತಪ್ ಮಾಡಿಲ್ಲ, ಆ ಲೆಟ್ರು ನಿಂದು ಅಂತ ಬರಿ. ಇಂಗ್ಲೀಸ್ನಾಗೆ ಒಂದೊಂದ್ ಸಾಲು ಬರ್ದು ಕನ್ನಡದಾಗೆ ನಂಗ್ ಹೇಳು. ಈ ಸಲ ಸೈನು ನಿಂದು."

ಬರೆದೆ. ನಿಯಮ ಬರೆದವಳು ನಾನು. ಅದರ ತಪ್ಪು ನನಗೆ ಮೊದಲೇ ಗೊತ್ತಿತ್ತು. ಇವರು ಗುಡಿಯೊಳಗೆ ಡ್ಯೂಟಿಯಲ್ಲಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇವರ ಹೆಸರಿನ ಕ್ಷಮಾಪಣೆಯ ಮಾತುಗಳು ನನ್ನವು, ಅವುಗಳ ಪೂರ್ತಿ ಅರ್ಥವನ್ನು ಇವರಿಗೆ ಹೇಳಲಿಲ್ಲ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದೆ, ಅವರು ಹೂಂ ಅನ್ನುವವರೆಗೆ ಕಾದು ಮುಂದಿನದಕ್ಕೆ ಹೋದೆ. ಆ ಕಾಗದದಿಂದ ಮುಂದೆ ಎಚ್ಚರಿಕೆ ಪತ್ರ ರದ್ದಾಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷದ ಸಾರ್ಜೆಂಟ್ ಪಟ್ಟಿಯನ್ನು ಮಾತ್ರ ಯಾರೂ ತಿದ್ದಲಿಲ್ಲ.

"ಈಗ ಹೆಸ್ರು ಹಾಕು," ಅಂದರು.

ಹೆಸರು ಬರೆದೆ.

"ನಿನ್ ಕಂಪನಿ ಹೆಸ್ರು?"

ಪೆನ್ನು ನಿಂತಿತು. ಬಹಳ ಹೊತ್ತೇನಲ್ಲ, ಉಸಿರು ಒಳಗೆಳೆದು ಬಿಡುವಷ್ಟು. ಮ್ಯಾನೇಜರರ ಮುಖ, ಮುಂದಿನ ಸಲದ ಪಾಸು, ಧೃತಿಯ ಸ್ಕೂಲು, ಅಷ್ಟರಲ್ಲೇ ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ಕಂಪನಿಯ ಹೆಸರು ಬರೆದೆ, ಸಹಿ ಹಾಕಿದೆ, ತಾರೀಖೂ ಹಾಕಿದೆ. ತಲೆ ಎತ್ತಿದಾಗ ಹೊನ್ನಮ್ಮ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಅದು ನಿಂತದ್ದನ್ನು ಕಂಡಿದ್ದರು.

ಹಾಳೆಯನ್ನು ತೆಗೆದುಕೊಂಡು, ಶಾಯಿ ಆರಲೆಂದು ಎರಡು ಸಲ ಊದಿ, ಪ್ಲಾಸ್ಟಿಕ್ ಫೈಲಿನೊಳಗೆ ಸೇರಿಸಿದರು. ಆಮೇಲೆ ಎದ್ದು ನಿಂತು, ರೈಲು ಸ್ಟೇಷನ್ನಿನಲ್ಲಿ ದಾರಿ ಕೇಳಿದ ಅಪರಿಚಿತರಿಗೆ ಹೇಳುವ ದನಿಯಲ್ಲಿ, "ತ್ಯಾಂಕ್ಯೂ ಮೇಡಂ," ಅಂದರು.